ಮಗನ ಫೋನಿಗಿಂತ ಮೊದಲು ನಿಮ್ಮ ಫೋನು ನೋಡಿ

ಪ್ರಶ್ನೆ: ನಾವು ಮಂಡ್ಯದವರು. ಮನೆಯವರದ್ದು ಗೊಬ್ಬರದ ಅಂಗಡಿ, ಗಿರಾಕಿಗಳೆಲ್ಲ ಈಗ ಫೋನಿನಲ್ಲೇ ದುಡ್ಡು ಹಾಕುತ್ತಾರೆ. ಮಗ ಎಂಟನೇ ಕ್ಲಾಸು. ಟ್ಯೂಷನ್ ನೋಟ್ಸ್ ವಾಟ್ಸಾಪ್‌ಗೆ ಬರುತ್ತೆ ಅಂತ ನನ್ನ ಫೋನು ಅವನ ಕೈಯಲ್ಲೇ ಜಾಸ್ತಿ. ಮಗಳು ಮೈಸೂರಿನಲ್ಲಿ ಹಾಸ್ಟೆಲ್‌ನಲ್ಲಿದ್ದು ಬಿಕಾಂ ಓದುತ್ತಿದ್ದಾಳೆ. ಅತ್ತೆಗೆ ನಮ್ಮ ಹಳೇ ಫೋನು ಕೊಟ್ಟಿದ್ದೇವೆ. ಮೊನ್ನೆ ಪಕ್ಕದ ಬೀದಿಯವರು ಮದುವೆ ಇನ್ವಿಟೇಶನ್ ಅಂತ ಬಂದ ಫೈಲ್ ಒತ್ತಿ ದುಡ್ಡು ಕಳೆದುಕೊಂಡರು. ಅವತ್ತಿನಿಂದ ಭಯ ಶುರುವಾಗಿದೆ. ಒಳ್ಳೇ ಆಂಟಿವೈರಸ್ ಯಾವುದು? ಮಗನಿಗೆ ಗೊತ್ತಾಗದ ಹಾಗೆ ಅವನು ಏನು ನೋಡುತ್ತಾನೆ ಅಂತ ತಿಳಿಯುವ ಆ್ಯಪ್ ಇದೆಯಾ?

ಉತ್ತರ: ಮೊದಲು ನೀವು ಕೇಳಿದ ಎರಡಕ್ಕೂ ನೇರ ಉತ್ತರ. ಆಂಟಿವೈರಸ್‌ಗೆ ದುಡ್ಡು ಹಾಕಬೇಡಿ. ಕದ್ದು ನೋಡುವ ಆ್ಯಪ್ ಬೇಡವೇ ಬೇಡ.

ಆಂಡ್ರಾಯ್ಡ್ ಫೋನಿನಲ್ಲಿ ಪ್ಲೇ ಪ್ರೊಟೆಕ್ಟ್ ಅಂತ ಗೂಗಲ್‌ನವರದ್ದೇ ಒಂದು ತಪಾಸಣೆ ಪುಕ್ಕಟೆ ಇರುತ್ತದೆ. ಪ್ಲೇ ಸ್ಟೋರ್ ತೆರೆದು ಮೇಲೆ ಬಲಗಡೆ ಇರುವ ನಿಮ್ಮ ಚಿತ್ರ ಒತ್ತಿದರೆ ಸಿಗುತ್ತದೆ, ಆನ್ ಇದೆಯಾ ನೋಡಿ. ಪ್ಲೇ ಸ್ಟೋರ್ ಬಿಟ್ಟು ಬೇರೆ ಕಡೆಯಿಂದ ಏನನ್ನೂ ಹಾಕಿಕೊಳ್ಳದ ಮನೆಗೆ ಅಷ್ಟು ಸಾಕು. ಇನ್ನು ಕದ್ದು ನೋಡುವ ಆ್ಯಪ್ ಏನು ಮಾಡುತ್ತೆ ಅಂದರೆ, ಮಗನ ಮೆಸೇಜು, ಫೋಟೋ, ಅವನು ಇರುವ ಜಾಗ ಎಲ್ಲವನ್ನೂ ಯಾವುದೋ ಕಂಪನಿಯ ಕಂಪ್ಯೂಟರಿಗೆ ಕಳಿಸುತ್ತಲೇ ಇರುತ್ತದೆ. ಆ ಕಂಪನಿ ಯಾವ ದೇಶದ್ದು, ಯಾರು ನಡೆಸುತ್ತಾರೆ, ನಿಮಗೆ ಗೊತ್ತಿರುವುದಿಲ್ಲ. ಇಂಥ ಕಂಪನಿಗಳಿಂದ ಡೇಟಾ ಸೋರಿದ್ದು ಒಂದೆರಡು ಸಲ ಅಲ್ಲ. ಸಾಲದ್ದಕ್ಕೆ, ಎಂಟನೇ ಕ್ಲಾಸಿನ ಹುಡುಗ ಅದನ್ನು ಒಂದಲ್ಲ ಒಂದು ದಿನ ಪತ್ತೆ ಮಾಡೇ ಮಾಡುತ್ತಾನೆ. ಅಲ್ಲಿಗೆ ಅವನು ನಿಮ್ಮ ಹತ್ತಿರ ಏನನ್ನೂ ಹೇಳುವುದಿಲ್ಲ. ಅವನು ಹೇಳುವುದು ನಿಮಗೆ ಎಷ್ಟು ಮುಖ್ಯ ಅನ್ನುವುದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಪತ್ರದಲ್ಲಿ ನನಗೆ ಗಾಬರಿ ತಂದ ಸಾಲು ಬೇರೆ. ಮಗನ ಕೈಯಲ್ಲಿ ಇರುವುದು ನಿಮ್ಮ ಫೋನು. ಅದರಲ್ಲಿ ನಿಮ್ಮ ಬ್ಯಾಂಕಿದೆ, ಜಿಮೇಲ್ ಇದೆ, ಓಟಿಪಿ ಬರುವ ಸಿಮ್ ಇದೆ. ಎಲ್ಲ ಅಪ್ಪ ಅಮ್ಮಂದಿರೂ ಮಕ್ಕಳನ್ನು ಹೇಗೆ ಕಾಯುವುದು ಅಂತಲೇ ಕೇಳುತ್ತಾರೆ, ಆದರೆ ನಾನು ನೋಡಿದ ಮಟ್ಟಿಗೆ ಮನೆಯ ದುಡ್ಡು ಹೋಗುವುದು ಹೆಚ್ಚಾಗಿ ದೊಡ್ಡವರ ಫೋನಿನಿಂದಲೇ. ಅದಕ್ಕೇ ನಿಮ್ಮ ಫೋನಿನಿಂದ ಶುರು ಮಾಡೋಣ.

ಸೆಟ್ಟಿಂಗ್ಸ್‌ಗೆ ಹೋಗಿ, ಯಾರ್ಯಾರ ಬೆರಳಚ್ಚು ಸೇವ್ ಆಗಿದೆ ನೋಡಿ. ಮಗನದ್ದು ಇರುತ್ತದೆ, ಪಂದ್ಯ ಕಟ್ಟುತ್ತೇನೆ. ಪದೇ ಪದೇ ಕರೆಯುತ್ತಾನೆ ಅಂತ ಹಾಕಿಕೊಟ್ಟಿರುತ್ತೀರಿ. ಆ ಬೆರಳು ಫೋನನ್ನು ಮಾತ್ರ ತೆಗೆಯುವುದಿಲ್ಲ, ಬೆರಳಚ್ಚಿನ ಲಾಕ್ ಇರುವ ಎಷ್ಟೋ ಆ್ಯಪ್‌ಗಳನ್ನೂ ತೆಗೆಯುತ್ತದೆ. 2025ರ ಅಕ್ಟೋಬರ್‌ನಿಂದ ಯುಪಿಐನಲ್ಲಿ ಪಿನ್ ಬದಲು ಬೆರಳಚ್ಚು ಅಥವಾ ಮುಖ ತೋರಿಸಿ ದುಡ್ಡು ಕಳಿಸುವ ಅವಕಾಶವೂ ಬಂದಿದೆ. ಹಾಗಾಗಿ ಅವನ ಬೆರಳು ತೆಗೆದುಹಾಕಿ, ಸ್ಕ್ರೀನ್ ಲಾಕ್ ನಂಬರನ್ನೂ ಬದಲಾಯಿಸಿ. ಬ್ಯಾಂಕು, ಯುಪಿಐ, ಜಿಮೇಲ್‌ಗೆ ಆ್ಯಪ್ ಲಾಕ್ ಹಾಕಿ. ನೋಟ್ಸ್ ನೋಡಲು ಕೊಡುವಾಗ ಆ ಒಂದು ಪರದೆಯನ್ನು ಮಾತ್ರ ಪಿನ್ ಮಾಡಿ ಕೊಡಬಹುದು, ಸೆಟ್ಟಿಂಗ್ಸ್‌ನ ಸೆಕ್ಯುರಿಟಿ ಭಾಗದಲ್ಲಿ ಆ್ಯಪ್ ಪಿನ್ನಿಂಗ್ ಅಂತ ಇರುತ್ತದೆ. ಅಲ್ಲೇ ಪಿನ್ ತೆಗೆಯುವ ಮೊದಲು ಲಾಕ್ ನಂಬರ್ ಕೇಳುವ ಆಯ್ಕೆಯನ್ನೂ ಆನ್ ಮಾಡಿದರೆ, ನಿಮ್ಮ ನಂಬರ್ ಹಾಕದೆ ಅವನು ಆ ಪರದೆ ಬಿಟ್ಟು ಆಚೆ ಬರಲಾಗುವುದಿಲ್ಲ.

ಈಗ ಪಕ್ಕದ ಬೀದಿಯವರ ಕಥೆ. ಆ ಮದುವೆ ಕಾರ್ಡು ಫೋಟೋನೂ ಅಲ್ಲ, ಪಿಡಿಎಫ್ಫೂ ಅಲ್ಲ. ಎಪಿಕೆ ಅಂತ ಕೊನೆಯಾಗುವ ಫೈಲು, ಅಂದರೆ ಅದೇ ಒಂದು ಆ್ಯಪ್. ಒತ್ತಿದ ತಕ್ಷಣ ದುಡ್ಡು ಹೋಗುವುದಿಲ್ಲ, ಇದನ್ನು ಗಮನಿಸಿ. ಮೊದಲು ಫೋನು 'ಗೊತ್ತಿಲ್ಲದ ಕಡೆಯಿಂದ ಬಂದಿದೆ, ಹಾಕಲಾ?' ಅಂತ ಕೇಳುತ್ತದೆ. ನಾವು ಹೂಂ ಅನ್ನುತ್ತೇವೆ. ಆಮೇಲೆ ಎಸ್ಸೆಮ್ಮೆಸ್ ಓದಲು ಅನುಮತಿ ಕೇಳುತ್ತದೆ. ಅದಕ್ಕೂ ಹೂಂ. ಮದುವೆ ಕಾರ್ಡಿಗೆ ನಮ್ಮ ಎಸ್ಸೆಮ್ಮೆಸ್ ಯಾಕಪ್ಪ ಬೇಕು ಅಂತ ಅಲ್ಲೇ ನಿಂತು ಕೇಳಿದವರು ಬಚಾವ್. ಅನುಮತಿ ಸಿಕ್ಕ ಮೇಲೆ ಬರುವ ಪ್ರತಿ ಓಟಿಪಿಯೂ ಕಳ್ಳನಿಗೆ ಹೋಗುತ್ತದೆ, ಅವನು ಅಲ್ಲಿ ಕೂತು ನಿಮ್ಮ ಖಾತೆ ತೆರೆಯುತ್ತಾನೆ. ಎಷ್ಟೋ ಸಲ ವಾಟ್ಸಾಪನ್ನೂ ಹಿಡಿದುಕೊಂಡು ಅದೇ ಕಾರ್ಡನ್ನು ನಿಮ್ಮ ಎಲ್ಲ ಗ್ರೂಪ್‌ಗಳಿಗೆ ಕಳಿಸುತ್ತಾನೆ. ಅದಕ್ಕೇ ಅದು ಗೊತ್ತಿರುವವರಿಂದಲೇ ಬರುವುದು. 'ನಮ್ಮ ಸೋದರಮಾವನೇ ಕಳಿಸಿದ್ದು' ಅನ್ನುವುದಕ್ಕೆ ಇಲ್ಲಿ ಬೆಲೆ ಇಲ್ಲ. ಟ್ರಾಫಿಕ್ ದಂಡ, ಪಿಎಂ ಕಿಸಾನ್ ಕಂತು, ಬ್ಯಾಂಕ್ ಕೆವೈಸಿ, ಹೀಗೆ ಹೆಸರು ಬದಲಾಗುತ್ತದೆ, ಒಳಗಿನ ಸರಕು ಅದೇ. ಅಂಗಡಿಗೆ ಬರುವ ರೈತರಿಗೂ ನಿಮ್ಮ ಮನೆಯವರು ಇದೊಂದು ಮಾತು ಹೇಳಲಿ.

ಸೆಟ್ಟಿಂಗ್ಸ್‌ನಲ್ಲಿ 'ಅನ್‌ನೋನ್ ಆ್ಯಪ್ಸ್' ಅಂತ ಹುಡುಕಿ, ವಾಟ್ಸಾಪ್, ಕ್ರೋಮ್, ಟೆಲಿಗ್ರಾಂ, ಫೈಲ್ ಮ್ಯಾನೇಜರ್ ಎಲ್ಲದರ ಮುಂದೆಯೂ ಆಫ್ ಮಾಡಿಬಿಡಿ. ಇದನ್ನು ಮನೆಯ ಎಲ್ಲ ಫೋನಿನಲ್ಲೂ ಮಾಡಿ. ಈಗಾಗಲೇ ಯಾರಾದರೂ ಅಂಥದ್ದು ಹಾಕಿಕೊಂಡಿದ್ದರೆ ತಕ್ಷಣ ಏರೋಪ್ಲೇನ್ ಮೋಡ್ ಹಾಕಿ, ವೈಫೈನೂ ತೆಗೆಯಿರಿ, ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ ಖಾತೆ ನಿಲ್ಲಿಸಿ. ಆಮೇಲೆ ಫೋಟೋಗಳನ್ನು ತೆಗೆದಿಟ್ಟುಕೊಂಡು ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿಸಿ, ಅಂದರೆ ಒಳಗಿರುವುದನ್ನೆಲ್ಲ ಅಳಿಸಿ ಹೊಸ ಫೋನಿನ ಹಾಗೆ ಮಾಡಿಸಿ. ಆ್ಯಪ್ ಅಳಿಸಿದರೆ ಸಾಕಲ್ವಾ ಅಂತ ಕೇಳಬೇಡಿ, ಕೆಲವು ಐಕಾನ್ ಬಚ್ಚಿಟ್ಟುಕೊಂಡು ಒಳಗೇ ಕೂತಿರುತ್ತವೆ.

ಪಾಸ್‌ವರ್ಡ್ ವಿಷಯಕ್ಕೆ ಬಂದರೆ ಎಲ್ಲದಕ್ಕಿಂತ ಮೊದಲು ಜಿಮೇಲ್. ನಿಮ್ಮ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಶಾಪಿಂಗ್ ಆ್ಯಪ್ ಯಾವುದರ ಪಾಸ್‌ವರ್ಡ್ ಮರೆತರೂ ಹೊಸದು ಮಾಡಿಕೊಳ್ಳುವ ಲಿಂಕು ಬರುವುದು ಅಲ್ಲಿಗೇ. ಮನೆಯ ಎಲ್ಲ ಬೀಗದ ಕೈಗಳೂ ಆ ಒಂದೇ ಗೊಂಚಲಿನಲ್ಲಿವೆ. ಮಗನ ಹೆಸರು ಮತ್ತು ಹುಟ್ಟಿದ ವರ್ಷ ಸೇರಿಸಿ ಇಟ್ಟಿದ್ದರೆ ಇವತ್ತೇ ಬದಲಾಯಿಸಿ. ಚಿಹ್ನೆ, ಅಂಕಿ ಅಂತ ತಲೆ ಕೆಡಿಸಿಕೊಳ್ಳುವುದಕ್ಕಿಂತ ಉದ್ದ ಇರುವುದು ಮುಖ್ಯ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದ ತೆಗೆದುಕೊಂಡು ಇಂಗ್ಲಿಷ್ ಅಕ್ಷರದಲ್ಲಿ ಒಟ್ಟಿಗೆ ಬರೆಯಿರಿ, ಒನಕೆ, ಜಟಕಾ, ಬುಧವಾರ, ನೇರಳೆ ಅನ್ನೋ ತರ. (ಇದನ್ನೇ ಇಡಬೇಡಿ, ದಯವಿಟ್ಟು.) ಅದನ್ನು ಬೇರೆ ಎಲ್ಲೂ ಬಳಸಬೇಡಿ. ಒಂದು ಕಡೆ ಸೋರಿದ ಪಾಸ್‌ವರ್ಡನ್ನು ಕಳ್ಳರು ಬೇರೆ ನೂರು ಕಡೆ ಹಾಕಿ ನೋಡುತ್ತಾರೆ, ಅದಕ್ಕಂತಲೇ ಪ್ರೋಗ್ರಾಂಗಳಿವೆ. ನೆನಪಿರಲ್ಲ ಅನ್ನುವವರು ನೋಟ್‌ಬುಕ್ಕಿನಲ್ಲಿ ಬರೆದು ಬೀರುವಿನಲ್ಲಿಡಿ, ತಪ್ಪೇನಿಲ್ಲ. ದೂರದ ಊರಿನ ಕಳ್ಳ ನಿಮ್ಮ ಬೀರು ತೆಗೆಯಲು ಬರುವುದಿಲ್ಲ. ಫೋನಿನಲ್ಲೇ ಫೋಟೋ ತೆಗೆದು ಇಟ್ಟುಕೊಳ್ಳುವುದು ಮಾತ್ರ ಬೇಡ. ಜಿಮೇಲ್‌ಗೆ ಟೂ ಸ್ಟೆಪ್ ವೆರಿಫಿಕೇಶನ್ ಹಾಕಿ, ಆಗ ಪಾಸ್‌ವರ್ಡ್ ಜೊತೆಗೆ ಇನ್ನೊಂದು ಗುರುತನ್ನೂ ಕೇಳುತ್ತದೆ. ವಾಟ್ಸಾಪ್‌ಗೂ ಅದೇ ಹೆಸರಿನ ಆರಂಕಿಯ ಪಿನ್ ಇದೆ, ಅದನ್ನೂ ಹಾಕಿ. ಹಾಗೇ ವಾಟ್ಸಾಪ್‌ನಲ್ಲಿ ಲಿಂಕ್ಡ್ ಡಿವೈಸಸ್ ತೆರೆದು ನೋಡಿ, ಗೊತ್ತಿಲ್ಲದ ಕಂಪ್ಯೂಟರಿನ ಹೆಸರಿದ್ದರೆ ಲಾಗ್ಔಟ್ ಮಾಡಿ.

ಸಿಮ್‌ಗೂ ಪಿನ್ ಹಾಕಬಹುದು ಅನ್ನುವುದು ತುಂಬಾ ಜನಕ್ಕೆ ಗೊತ್ತಿಲ್ಲ. ಫೋನಿಗೆ ಎಂಥ ಲಾಕ್ ಇದ್ದರೂ ಕದ್ದವನು ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೆ ಓಟಿಪಿಗಳೆಲ್ಲ ಅವನಿಗೆ ಬರುತ್ತವೆ. ಸಿಮ್ ಪಿನ್ ಇದ್ದರೆ ಅದು ನಡೆಯುವುದಿಲ್ಲ. ಆದರೆ ಒಂದು ಎಚ್ಚರಿಕೆ. ಮೊದಲ ಸಲ ಆನ್ ಮಾಡುವಾಗ ಕಂಪನಿಯವರು ಇಟ್ಟಿರುವ ಪಿನ್ ಹಾಕಬೇಕು, ಅದನ್ನು ಅವರ ಹತ್ತಿರ ಕೇಳಿಕೊಂಡೇ ಕೈ ಹಾಕಿ. ಮೂರು ಸಲ ತಪ್ಪಿದರೆ ಸಿಮ್ ಲಾಕ್ ಆಗಿ, ಅದನ್ನು ಬಿಡಿಸುವ ಪಿಯುಕೆ ನಂಬರ್‌ಗೆ ಓಡಾಡಬೇಕಾಗುತ್ತದೆ.

ಅಂಗಡಿ ವಿಷಯ ಚಿಕ್ಕದಾಗಿ. ಯುಪಿಐನಲ್ಲಿ ದುಡ್ಡು ಬರಲು ಪಿನ್ನೂ ಬೇಡ, ಬೆರಳಚ್ಚೂ ಬೇಡ, ಅವನ್ನು ಕೇಳುವುದು ಹೋಗಲು ಮಾತ್ರ. ಇದು ಮನೆಯ ಎಲ್ಲರಿಗೂ ಬಾಯಿಪಾಠ ಆಗಿರಲಿ. ವ್ಯಾಪಾರದ ಯುಪಿಐಗೆ ಬೇರೆ ಖಾತೆ ಇಡಿ, ಉಳಿತಾಯದ ದುಡ್ಡಿರುವ ಖಾತೆಯನ್ನು ಫೋನಿಗೆ ಜೋಡಿಸಲೇಬೇಡಿ. ಗಿರಾಕಿ ತೋರಿಸುವ ಹಸಿರು ಟಿಕ್ ನಂಬಬೇಡಿ, ಅದೇ ತರ ಕಾಣುವ ನಕಲಿ ಆ್ಯಪ್‌ಗಳಿವೆ. ಸೌಂಡ್ ಬಾಕ್ಸ್ ಕೂಗಿದ ಮೇಲೆ ಮೂಟೆ ಎತ್ತಿ. ಬೆಳಿಗ್ಗೆ ಬಾಗಿಲು ತೆಗೆದಾಗ ಕ್ಯೂಆರ್ ಮೇಲೆ ಬೇರೆ ಸ್ಟಿಕ್ಕರ್ ಅಂಟಿಸಿದ್ದಾರಾ ಅಂತ ಒಮ್ಮೆ ನೋಡಿದರೆ ಸಾಕು. ಮಕ್ಕಳ ಖರ್ಚಿಗೆ ನಿಮ್ಮ ಪಿನ್ ಹೇಳಿಕೊಡಬೇಡಿ, ಅದಕ್ಕೆ ಯುಪಿಐ ಸರ್ಕಲ್ ಅಂತ ಬಂದಿದೆ. ನಿಮ್ಮ ಖಾತೆಯಿಂದಲೇ ಮಗಳು ದುಡ್ಡು ಕಟ್ಟಬಹುದು, ತಿಂಗಳಿಗೆ 15,000 ರೂಪಾಯಿವರೆಗೆ ಮಿತಿ ಹಾಕಿಕೊಡಬಹುದು, ಇಲ್ಲಾಂದ್ರೆ ಪ್ರತಿ ಸಲವೂ ನೀವು ಒಪ್ಪಿದ ಮೇಲೆಯೇ ಹೋಗುವ ಹಾಗೆ ಇಡಬಹುದು.

ಇನ್ನು ಅತ್ತೆಯವರ ಫೋನು. ಹಳೇ ಫೋನು ಕೊಟ್ಟಾಗ ಅದರಲ್ಲಿ ನಿಮ್ಮದೋ ನಿಮ್ಮ ಯಜಮಾನರದ್ದೋ ಗೂಗಲ್ ಖಾತೆ ಹಾಗೇ ಉಳಿದಿರುತ್ತದೆ. ಅಂದರೆ ಅವರು ಯಾವುದೋ ಲಿಂಕ್ ಒತ್ತಿದರೆ ಸಿಕ್ಕಿಹಾಕಿಕೊಳ್ಳುವುದು ನಿಮ್ಮ ಖಾತೆ. ರೀಸೆಟ್ ಮಾಡಿ, ಅವರಿಗೇ ಬೇರೆ ಖಾತೆ ಮಾಡಿಕೊಡಿ. ಸೆಕ್ಯುರಿಟಿ ಅಪ್‌ಡೇಟ್ ಕೊನೆಗೆ ಬಂದಿದ್ದು ಯಾವಾಗ ಅಂತಲೂ ನೋಡಿ. ನಿಂತು ವರ್ಷಗಳಾಗಿದ್ದರೆ ಆ ಫೋನಿನಲ್ಲಿ ಮಾತು, ವಾಟ್ಸಾಪ್, ಯೂಟ್ಯೂಬ್ ಇರಲಿ, ಬ್ಯಾಂಕಿನ ಆ್ಯಪ್ ಬೇಡ.

ಅವರಿಗೆ ಬರುವ ಕರೆಗಳೇ ಬೇರೆ ತರ. 'ಇವತ್ತು ರಾತ್ರಿ ಒಂಬತ್ತೂವರೆಗೆ ಕರೆಂಟ್ ಕಟ್ ಆಗುತ್ತೆ, ಈ ನಂಬರಿಗೆ ಫೋನ್ ಮಾಡಿ' ಅಂತ ಮೆಸೇಜ್ ಬರುತ್ತದೆ. ಮಾಡಿದರೆ ಒಂದು ಆ್ಯಪ್ ಹಾಕಿಕೊಳ್ಳಿ, ಹತ್ತು ರೂಪಾಯಿ ಕಟ್ಟಿ ಅನ್ನುತ್ತಾರೆ. ಆ ಆ್ಯಪ್ ನಿಮ್ಮ ಪರದೆಯನ್ನು ಅವರಿಗೆ ತೋರಿಸುವಂಥದ್ದು, ನೀವು ಹತ್ತು ರೂಪಾಯಿಗೆ ಒತ್ತುವ ಪ್ರತಿಯೊಂದೂ ಅವರಿಗೆ ಕಾಣುತ್ತದೆ. ಬಿಲ್ಲಿನ ಅನುಮಾನ ಇದ್ದರೆ ನಿಮ್ಮ ಕಡೆಯ ಕರೆಂಟ್ ಕಂಪನಿ ಸೆಸ್ಕ್‌ನ ಕಚೇರಿಗೆ ಹೋಗಿ ಕೇಳಿ, ಮೀಟರ್ ರೀಡರ್ ಹೇಗೂ ತಿಂಗಳು ತಿಂಗಳೂ ಬಾಗಿಲಿಗೆ ಬರುತ್ತಾರೆ. ಆಮೇಲೆ ಗೃಹಲಕ್ಷ್ಮಿ. 2023ರ ಆಗಸ್ಟ್ 30ರಂದು ನಮ್ಮ ಮೈಸೂರಿನಲ್ಲೇ ಶುರುವಾದ ಯೋಜನೆ, ಎರಡು ಸಾವಿರ ಬರುವುದು ರೇಷನ್ ಕಾರ್ಡಿನ ಯಜಮಾನಿಗೆ, ಆ ಯಜಮಾನಿ ಸಾಮಾನ್ಯವಾಗಿ ಅತ್ತೆಯೇ ಆಗಿರುತ್ತಾರೆ. ಹೀಗಾಗಿ 'ನಿಮ್ಮ ಕಂತು ನಿಂತಿದೆ' ಅಂದ ತಕ್ಷಣ ಎದೆ ಧಸಕ್ಕೆನ್ನುವುದೂ ಅವರಿಗೇ. ಕಂತಿನ ವಿಚಾರ ಅಂಗನವಾಡಿಯಲ್ಲೋ ಗ್ರಾಮ ಒನ್‌ನಲ್ಲೋ ಕೇಳಿದರಾಯಿತು, ಲಿಂಕಿನಲ್ಲಿ ಅಲ್ಲ.

ಪೊಲೀಸ್, ಸಿಬಿಐ ಅಂತ ಹೇಳಿಕೊಂಡು ವಿಡಿಯೋ ಕಾಲ್‌ನಲ್ಲೇ ನಿಮ್ಮನ್ನು ಬಂಧಿಸಿದ್ದೇವೆ ಅಂತ ಹೆದರಿಸುವವರಿದ್ದಾರೆ, ಆದರೆ 'ಡಿಜಿಟಲ್ ಅರೆಸ್ಟ್' ಅಂತ ನಮ್ಮ ಕಾನೂನಿನಲ್ಲಿ ಯಾವುದೂ ಇಲ್ಲ. ಪ್ರಧಾನಿಯೇ 2024ರ ಅಕ್ಟೋಬರ್ 27ರ ಮನ್ ಕಿ ಬಾತ್‌ನಲ್ಲಿ ಇದನ್ನು ಹೇಳಿದ್ದರು, ಆದರೂ ಓದಿದವರೇ ದಿನಗಟ್ಟಲೆ ವಿಡಿಯೋ ಕಾಲ್ ಮುಂದೆ ಕೂತು ದುಡ್ಡು ಕಳಿಸುತ್ತಾರೆ. ಯಾಕೆಂದರೆ ಆ ಕಡೆಯವನು ಮೊದಲು ಹೇಳುವ ಮಾತೇ 'ಮನೆಯವರಿಗೆ ಹೇಳಬೇಡಿ' ಅಂತ. ಅತ್ತೆಗೆ ಸಿಬಿಐ, ಕಸ್ಟಮ್ಸ್ ಎಲ್ಲ ವಿವರಿಸಲು ಹೋಗಬೇಡಿ. ಯಾರಿಗೂ ಹೇಳಬೇಡ ಅಂದವನು ಕಳ್ಳ, ಅಲ್ಲೇ ಫೋನ್ ಇಟ್ಟು ನನ್ನನ್ನು ಕರೀರಿ, ಅಷ್ಟು ಹೇಳಿದರೆ ಸಾಕು. ಈಗ ಮೊಮ್ಮಗನ ದನಿಯನ್ನೇ ಕಂಪ್ಯೂಟರಿನಲ್ಲಿ ಮಾಡಿ 'ಅಜ್ಜಿ, ಆಕ್ಸಿಡೆಂಟ್ ಆಗಿದೆ' ಅನ್ನಿಸಬಹುದು. ಅದಕ್ಕೂ ಇದೇ ಔಷಧ. ಇಟ್ಟು, ಗೊತ್ತಿರುವ ನಂಬರಿಗೆ ನಾವೇ ಮಾಡುವುದು.

ಆಧಾರ್ ಬೆರಳಚ್ಚನ್ನು ಲಾಕ್ ಮಾಡಬಹುದಾ ಅಂತ ಎಷ್ಟೋ ಜನ ಕೇಳುತ್ತಾರೆ. ಮಾಡಬಹುದು, ಬೆರಳಚ್ಚು ನಕಲು ಮಾಡಿ ಆಧಾರ್ ಮೂಲಕ ದುಡ್ಡು ತೆಗೆಯುವವರಿಂದ ಅದು ಕಾಪಾಡುತ್ತದೆ. ಆದರೆ ಲಾಕ್ ಮಾಡಿದರೆ ರೇಷನ್ ಅಂಗಡಿಯಲ್ಲೂ ನಿಮ್ಮದೇ ಗೊಬ್ಬರದ ಮೆಷಿನ್‌ನಲ್ಲೂ ಹೆಬ್ಬೆಟ್ಟು ಒಪ್ಪುವುದಿಲ್ಲ, ಆ ದಿನ ತೆಗೆದು ಮತ್ತೆ ಹಾಕಬೇಕು. ಅತ್ತೆಗೆ ಇದು ಕಿರಿಕಿರಿ ಅನ್ನಿಸಬಹುದು. ನಿಮಗೂ ಯಜಮಾನರಿಗೂ ಮಾಡಿಕೊಳ್ಳಿ.

ಮಗನಿಗೆ ಬರೋಣ. ಅವನಿಗೆ ಅವನದೇ ಒಂದು ಫೋನು ಕೊಡುವುದು ಒಳ್ಳೇದು, ಸಿಮ್ ಇಲ್ಲದೆ, ಮನೆಯ ವೈಫೈನಲ್ಲಿ. ಅದರಲ್ಲಿ ಅವನ ನಿಜವಾದ ಹುಟ್ಟಿದ ದಿನ ಹಾಕಿ ಖಾತೆ ಮಾಡಿ, ಗೂಗಲ್‌ನ ಫ್ಯಾಮಿಲಿ ಲಿಂಕ್ ಹಾಕಿ. ಇದು ಪುಕ್ಕಟೆ, ಕದ್ದುಮುಚ್ಚಿ ಮಾಡುವಂಥದ್ದೂ ಅಲ್ಲ, ಅವನಿಗೂ ಕಾಣುತ್ತದೆ. ಹೊಸ ಆ್ಯಪ್ ಹಾಕಬೇಕಾದರೆ ನಿಮ್ಮನ್ನು ಕೇಳುತ್ತದೆ, ರಾತ್ರಿ ನೀವು ಹೇಳಿದ ಹೊತ್ತಿಗೆ ಲಾಕ್ ಆಗುತ್ತದೆ. ಅವನ ಎದುರಿಗೇ ಕೂತು ಹಾಕಿ. ವೈಫೈ ರೂಟರ್‌ನ ಸೆಟ್ಟಿಂಗ್ಸ್‌ನಲ್ಲಿ ಡಿಎನ್ಎಸ್ (ತಾಣಗಳ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಅಂತ ಇರುವ ಜಾಗದಲ್ಲಿ 1.1.1.3 ಮತ್ತು 1.0.0.3 ಅಂತ ಹಾಕಿದರೆ ಅಶ್ಲೀಲ ತಾಣಗಳು ಮತ್ತು ಗೊತ್ತಿರುವ ವೈರಸ್ ತಾಣಗಳು ಬಹುಪಾಲು ತೆರೆಯುವುದಿಲ್ಲ, ಕ್ಲೌಡ್‌ಫ್ಲೇರ್ ಕಂಪನಿಯ ಉಚಿತ ಸೇವೆ ಅದು. ರೂಟರ್‌ನ ಒಳಗೆ ಹೋಗುವ ಪಾಸ್‌ವರ್ಡ್ ಇನ್ನೂ 'ಅಡ್ಮಿನ್' ಅಂತಲೇ ಇದ್ದರೆ ಅದನ್ನೂ ಬದಲಾಯಿಸಿ. ಇದೆಲ್ಲ ಮಾಡಿದರೂ ಗೆಳೆಯನ ಮೊಬೈಲ್ ಡೇಟಾ ಇದ್ದೇ ಇದೆ, ಅಲ್ವಾ?

ಅದಕ್ಕೇ ಅವನು ಹೇಳುವುದು ಮುಖ್ಯ ಅಂದಿದ್ದು. ಈ ವಯಸ್ಸಿನ ಹುಡುಗರಿಗೆ ಬರುವ ಬಲೆಗಳನ್ನು ನೋಡಿ. ಫ್ರೀ ಫೈರ್ ಅನ್ನುವ ಮೊಬೈಲ್ ಆಟದ ಡೈಮಂಡ್ ಪುಕ್ಕಟೆ ಕೊಡುತ್ತೇವೆ ಅಂತ ಲಾಗಿನ್ ಕೇಳುವ ಪೇಜು. ಟೆಲಿಗ್ರಾಂನಲ್ಲಿ ಬರುವ ಬೆಟ್ಟಿಂಗ್ ಲಿಂಕು, ಅದೂ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ 2025ರ ಆಗಸ್ಟ್‌ನಲ್ಲಿ ಬಂದ ಮೇಲೂ. ಎಲ್ಲಕ್ಕಿಂತ ಕೆಟ್ಟದ್ದು ಇನ್‌ಸ್ಟಾಗ್ರಾಂನಲ್ಲಿ ಪರಿಚಯ ಮಾಡಿಕೊಂಡು, ಬಟ್ಟೆಯಿಲ್ಲದ ಒಂದು ಫೋಟೋ ತರಿಸಿಕೊಂಡು, ದುಡ್ಡು ಕೊಡದಿದ್ದರೆ ಕ್ಲಾಸಿನವರಿಗೆಲ್ಲ ಕಳಿಸುತ್ತೇನೆ ಅನ್ನುವವರು. ಇದು ಹುಡುಗಿಯರಿಗೆ ಮಾತ್ರ ಅಂದುಕೊಳ್ಳಬೇಡಿ, ಹುಡುಗರೂ ಬೀಳುತ್ತಾರೆ, ಮತ್ತು ಅವರು ಬಾಯಿ ಬಿಡುವುದು ಇನ್ನೂ ಕಷ್ಟ. ಆ ಹೊತ್ತಿಗೆ ಮಗನ ತಲೆಯಲ್ಲಿ ಓಡುವುದು ಒಂದೇ: ಅಪ್ಪನಿಗೆ ಗೊತ್ತಾದರೆ ಫೋನು ಕಿತ್ತುಕೊಳ್ಳುತ್ತಾರೆ, ಚಚ್ಚುತ್ತಾರೆ. ಕಳ್ಳ ಬಂಡವಾಳ ಮಾಡಿಕೊಳ್ಳುವುದು ಆ ಭಯವನ್ನೇ. ಏನೇ ಆದರೂ ಬಂದು ಹೇಳಿದರೆ ಫೋನು ಕಿತ್ತುಕೊಳ್ಳಲ್ಲ, ಬೈಯಲ್ಲ ಅಂತ ಈಗಲೇ, ಏನೂ ಆಗದೇ ಇರುವಾಗಲೇ, ಮನೆಯವರಿಂದಲೇ ಹೇಳಿಸಿ. ಆಮೇಲೆ ಆ ಮಾತಿಗೆ ನಿಲ್ಲಿ.

ಹಾಗೇನಾದರೂ ಆದರೆ ದುಡ್ಡು ಕೊಡಬೇಡಿ, ಕೊಟ್ಟರೆ ಇನ್ನೂ ಕೇಳುತ್ತಾರೆ. ಚಾಟ್ ಅಳಿಸಬೇಡಿ, ಆ ಖಾತೆಯ ಹೆಸರು ಕಾಣುವ ಹಾಗೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಆಮೇಲೆ ಬ್ಲಾಕ್ ಮಾಡಿ. ಹದಿನೆಂಟರೊಳಗಿನವರ ಇಂಥ ಫೋಟೋ ಹರಡದಂತೆ ತಡೆಯಲು 'ಟೇಕ್ ಇಟ್ ಡೌನ್' ಅಂತ ಉಚಿತ ಸೇವೆ ಇದೆ. ಅದಕ್ಕೆ ಫೋಟೋ ಕಳಿಸಬೇಕಿಲ್ಲ, ಅದರ ಗುರುತಿನ ಸಂಖ್ಯೆಯನ್ನು ಮಾತ್ರ ನಿಮ್ಮ ಫೋನಿನಲ್ಲೇ ತಯಾರಿಸಿ ಕಳಿಸುತ್ತದೆ, ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನಂಥವು ಅದನ್ನು ನೋಡಿ ಫೋಟೋ ತಡೆಯುತ್ತವೆ. ಮಕ್ಕಳ ಸಹಾಯವಾಣಿ 1098 ಇದೆ, ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ಕಾಯುವ ಪೋಕ್ಸೋ ಕಾಯ್ದೆಯೂ ನಿಮ್ಮ ಮಗನ ಪರವಾಗಿದೆ.

ಮಗಳಿಗೆ ಹೇಳಬೇಕಾದ್ದು ಬೇರೆ. ಕಾಲೇಜು ಹುಡುಗ ಹುಡುಗಿಯರ ಹತ್ತಿರ ಬಂದು 'ನಿನ್ನ ಹೆಸರಿನಲ್ಲಿ ಖಾತೆ ತೆಗೆದು ಎಟಿಎಂ ಕಾರ್ಡು, ಸಿಮ್ ಕೊಡು, ಕಮಿಷನ್ ಕೊಡ್ತೀವಿ' ಅನ್ನುವವರಿದ್ದಾರೆ. ಕದ್ದ ದುಡ್ಡು ಹರಿಯುವುದು ಇಂಥ ಖಾತೆಗಳಲ್ಲೇ, ಪೊಲೀಸರು ಮೊದಲು ಬಂದು ನಿಲ್ಲುವುದೂ ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಬಾಗಿಲಿಗೇ. ನನಗೇನೂ ಗೊತ್ತಿರಲಿಲ್ಲ ಅಂದರೆ ಬಿಡುವುದಿಲ್ಲ. ವಿಡಿಯೋಗೆ ಲೈಕ್ ಒತ್ತಿದರೆ ಸಂಬಳ ಅನ್ನುವ ಟೆಲಿಗ್ರಾಂ ಕೆಲಸಗಳೂ ಅಷ್ಟೆ, ಮೊದಲು ನೂರಿನ್ನೂರು ಕೊಟ್ಟು ಆಮೇಲೆ ಸಾವಿರಗಟ್ಟಲೆ ಕಟ್ಟಿಸಿಕೊಳ್ಳುತ್ತಾರೆ. ಸಂಚಾರ್ ಸಾಥಿ ಅನ್ನುವ ಕೇಂದ್ರ ದೂರಸಂಪರ್ಕ ಇಲಾಖೆಯ ತಾಣದಲ್ಲಿ ಅವಳ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತ ಒಮ್ಮೆ ನೋಡಿಕೊಳ್ಳಲಿ. ನೀವೂ ನೋಡಿ.

ಜನ ಸುಮ್ನೆ ಹೆದರುವ ಕೆಲವು ವಿಷಯಗಳೂ ಇವೆ. ಬಸ್ ಸ್ಟ್ಯಾಂಡಿನಲ್ಲಿ ಚಾರ್ಜಿಗೆ ಹಾಕಿದರೆ ಡೇಟಾ ಕದಿಯುತ್ತಾರೆ, ರೈಲ್ವೆ ಸ್ಟೇಷನ್ ವೈಫೈ ಬಳಸಿದರೆ ಖಾತೆ ಖಾಲಿ, ಇವಕ್ಕೆಲ್ಲ ನಿದ್ದೆ ಕೆಡಿಸಿಕೊಳ್ಳಬೇಡಿ. ಬ್ಯಾಂಕಿನ ಆ್ಯಪ್‌ಗಳ ಮಾತುಕತೆ ಈಗ ಗುಪ್ತಲಿಪಿಯಲ್ಲೇ ನಡೆಯುತ್ತದೆ. ಅದಕ್ಕಿಂತ ಅಪಾಯ ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಿ ಸಿಕ್ಕ ಮೊದಲನೆಯದಕ್ಕೆ ಫೋನ್ ಮಾಡುವುದು. ನಂಬರನ್ನು ಪಾಸ್‌ಬುಕ್‌ನಿಂದಲೋ ಕಾರ್ಡಿನ ಹಿಂಭಾಗದಿಂದಲೋ ತೆಗೆದುಕೊಳ್ಳಿ. ಬ್ಯಾಂಕಿನ ವೆಬ್‌ಸೈಟ್ ಆದರೆ ವಿಳಾಸ 'ಡಾಟ್ ಬ್ಯಾಂಕ್ ಡಾಟ್ ಇನ್' ಅಂತ ಮುಗಿಯಬೇಕು, 2025ರ ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕೂ ಅದಕ್ಕೆ ಬದಲಾಗಬೇಕು ಅಂತ ಆರ್‌ಬಿಐ ಹೇಳಿತ್ತು. ವಿಳಾಸದ ಪಕ್ಕ ಬೀಗದ ಚಿತ್ರ ಇದ್ದರೆ ಅಸಲಿ ಅನ್ನುವ ಹಳೇ ಪಾಠ ಮರೆತುಬಿಡಿ, ಕಳ್ಳರ ಸೈಟಿಗೂ ಬೀಗ ಇರುತ್ತದೆ.

ದುಡ್ಡು ಹೋಗಿಯೇಬಿಟ್ಟರೆ ಮೊದಲ ಕರೆ 1930ಕ್ಕೆ. ನೆಂಟರಿಗೆಲ್ಲ ಹೇಳಿ ಬೈಸಿಕೊಳ್ಳುವುದು ಆಮೇಲೆ. ಕದ್ದ ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುತ್ತದೆ, ಎಟಿಎಂನಿಂದ ಹೊರಗೆ ಬರುವ ಮೊದಲು ಹಿಡಿದರೆ ಬ್ಯಾಂಕು ತಡೆಹಿಡಿಯಬಹುದು, ಹಾಗಾಗಿ ಮೊದಲ ಒಂದೆರಡು ಗಂಟೆಯೇ ಎಲ್ಲ. ಕರೆ ಮಾಡುವಾಗ ಹನ್ನೆರಡು ಅಂಕಿಯ ಯುಪಿಐ ವ್ಯವಹಾರದ ನಂಬರ್, ಸಮಯ, ಮೊತ್ತ ಕೈಯಲ್ಲಿರಲಿ. ನ್ಯಾಷನಲ್ ಸೈಬರ್ ಕ್ರೈಂ ಪೋರ್ಟಲ್‌ನಲ್ಲೂ ದೂರು ಹಾಕಬಹುದು, ಮಂಡ್ಯದಲ್ಲೂ ಮೈಸೂರಿನಲ್ಲೂ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗಳಿವೆ. ಬ್ಯಾಂಕಿಗೆ ಬರಹದಲ್ಲಿ ಕೊಟ್ಟು, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. 2017ರ ಜುಲೈನ ಆರ್‌ಬಿಐ ಸುತ್ತೋಲೆಯ ಪ್ರಕಾರ, ನಿಮ್ಮ ತಪ್ಪಿಲ್ಲದೆ ಹೊರಗಿನವರಿಂದ ಆದ ವಂಚನೆಯನ್ನು ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ನಿಮ್ಮ ಮೇಲೆ ಬರುವುದಿಲ್ಲ. ನೀವೇ ಓಟಿಪಿ, ಪಿನ್ ಕೊಟ್ಟಿದ್ದರೆ ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ಮೇಲೆ ಆದದ್ದು ಬ್ಯಾಂಕಿನದು.

ಇಷ್ಟೆಲ್ಲ ಆದ ಮೇಲೆ ಒಂದು ವಾರಕ್ಕೋ ಹತ್ತು ದಿನಕ್ಕೋ 'ನಾವು ಸೈಬರ್ ಲಾಯರ್, ನಿಮ್ಮ ದುಡ್ಡು ವಾಪಸ್ ಕೊಡಿಸ್ತೀವಿ, ಫೀಸು ಇಷ್ಟು' ಅಂತ ಒಂದು ಫೋನ್ ಬರಬಹುದು. ಮೊದಲ ಸಲ ಮೋಸ ಹೋದವರ ನಂಬರ್ ಪಟ್ಟಿ ಅವರ ಹತ್ತಿರ ಇರುತ್ತದೆ. ಅದಕ್ಕೆ ಉತ್ತರ ಕೊಡದೆ ಆ ನಂಬರನ್ನೂ ಅದೇ ದೂರಿಗೆ ಸೇರಿಸಿ.